ಮಲ್ಪೆಯ ನೀಲಿ ಕಾರು: ಐದೇ ತಿಂಗಳಲ್ಲಿ ಮಂಕಾದ ಬಣ್ಣ

ಚೌತಿಗೆ ನಾಲ್ಕು ದಿನ ಇರುವಾಗ ಭಾವ ಫೋನ್ ಮಾಡಿದರು. "ಬಣ್ಣ ಸರಿ ಇಲ್ಲ ಮಾರಾಯ. ಬಿಸಿಲಿಗೆ ನಿಲ್ಲಿಸಿದ್ರೆ ಬಾನೆಟ್ ಇಡೀ ಜೇಡರ ಬಲೆ ಕಟ್ಟಿದ ಹಾಗೆ ಕಾಣ್ತದೆ. ಗಾಡಿ ತೆಗೆದು ಐದು ತಿಂಗಳು ಸಹ ಆಗ್ಲಿಲ್ಲ. ಇದು ಮೋಸ ಅಲ್ವಾ? ನೀನೊಮ್ಮೆ ಬಂದು ನೋಡು. ಆಮೇಲೆ ನಾನು ಗ್ರಾಹಕರ ಕೋರ್ಟಿಗೇ ಹೋಗ್ತೇನೆ."

ಭಾವನಿಗೆ ಸಿಟ್ಟು ಬಂದದ್ದು ಸಹಜ. ಹದಿನಾಲ್ಕು ವರ್ಷ ಒಂದೇ ಸ್ಕೂಟರಿನಲ್ಲಿ ಓಡಾಡಿದವರು ಅವರು. ಏಪ್ರಿಲ್‌ನಲ್ಲಿ ಸಾಲ ಮಾಡಿ ತೆಗೆದ ಮೊದಲ ಕಾರು ಅದು. ಕಡು ನೀಲಿ ಬಣ್ಣ ಅಕ್ಕ ಆರಿಸಿದ್ದು. ಡೆಲಿವರಿಯ ದಿನ ನಾನೂ ಜೊತೆಗಿದ್ದೆ. ಬಾಗಿಲಿನಲ್ಲಿ ಮುಖ ಕಾಣುವಷ್ಟು ಹೊಳೆಯುತ್ತಿತ್ತು.

ನಾನು ಉಡುಪಿಯಲ್ಲಿ ಒಂಬತ್ತು ವರ್ಷಗಳಿಂದ ಕಾರು ತೊಳೆಯುವ, ಪಾಲಿಶ್ ಮಾಡುವ ಕೆಲಸದಲ್ಲಿದ್ದೇನೆ. ವಾಟರ್ ಸರ್ವಿಸಿನಲ್ಲಿ ಪೈಪು ಹಿಡಿದು ಶುರು ಮಾಡಿದವನು. ಅಂಗಡಿಗೆ ಬರುವ ಕಾರು ಕೆಲಸ ಮುಗಿದ ಕೂಡಲೇ ಹೋಗಿಬಿಡುತ್ತದೆ. ಆಮೇಲೆ ಅದರ ಬಣ್ಣಕ್ಕೆ ಏನಾಯಿತು ಅಂತ ನಮಗೆ ಗೊತ್ತಾಗುವುದೇ ಇಲ್ಲ. ಈ ಕಾರನ್ನು ಮಾತ್ರ ಮೊದಲ ದಿನ ನೋಡಿದ್ದೇನೆ, ಕೆಟ್ಟಾಗ ನೋಡಿದ್ದೇನೆ, ಸರಿ ಮಾಡಿದ ಮೇಲೆ ಒಂದು ವರ್ಷ ಬಿಡದೆ ನೋಡಿದ್ದೇನೆ. ಅದಕ್ಕೇ ಪೂರ್ತಿ ಬರೆಯುತ್ತಿದ್ದೇನೆ.

ಕಾರು ನಿಲ್ಲುವ ಜಾಗ

ಅಕ್ಕನ ಮನೆ ಮಲ್ಪೆಯಲ್ಲಿ. ಕಡಲಿಗೆ ಅರ್ಧ ಕಿಲೋಮೀಟರ್ ಸಹ ಇಲ್ಲ. ಅಂಗಳಕ್ಕೆ ಸಿಮೆಂಟು ಹಾಕಿಲ್ಲ, ಕೆಂಪು ಮಣ್ಣು. ಸ್ಕೂಟರಿಗೆ ಅಂತ ಹಾಕಿಸಿದ ಶೀಟಿನ ಮಾಡು ಒಂದು ಉಂಟು. ಕಾರನ್ನು ಹಿಂದಕ್ಕೆ ತಂದು ನಿಲ್ಲಿಸಿದರೆ ಡಿಕ್ಕಿಯಿಂದ ಮುಂದಿನ ಬಾಗಿಲಿನವರೆಗೆ ಅದರಡಿ ಹಿಡಿಯುತ್ತದೆ. ಬಾನೆಟ್ ಪೂರ್ತಿ ಹೊರಗೆ. ಪಕ್ಕದ ಮನೆಯ ಹಲಸಿನ ಮರದ ಒಂದು ಕೊಂಬೆ ಸರಿಯಾಗಿ ಅದರ ಮೇಲೆ ಚಾಚಿದೆ. ಸ್ವಲ್ಪ ಆಚೆ ಮಾವಿನ ಮರ.

ಭಾವನ ಕೆಲಸ ಮಣಿಪಾಲದಲ್ಲಿ. ದಿನಕ್ಕೆ ಹೋಗಿ ಬರಲು ಇಪ್ಪತ್ತು, ಇಪ್ಪತ್ತೆರಡು ಕಿಲೋಮೀಟರ್. ಎರಡು ವಾರಕ್ಕೊಮ್ಮೆ ತಾಯಿಯನ್ನು ನೋಡಲು ಮಂಗಳೂರಿಗೆ ಹೋಗುತ್ತಾರೆ. ಅದು ರಾಷ್ಟ್ರೀಯ ಹೆದ್ದಾರಿ 66ರ ದಾರಿ. ಜೂನ್, ಜುಲೈ ಎರಡು ತಿಂಗಳು ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಆಗಸ್ಟ್ ಬಂತೆಂದರೆ ಬಂದರಿನಿಂದ ಮೀನಿನ ಲಾರಿಗಳು ಸಾಲಾಗಿ ಹೊರಡುತ್ತವೆ. ಐಸು ಕರಗಿದ ಉಪ್ಪು ನೀರು ಲಾರಿಯಿಂದ ರಸ್ತೆಯುದ್ದಕ್ಕೂ ಸುರಿಯುತ್ತದೆ. ಹಿಂದೆ ಬರುವವರ ಬಂಪರಿಗೆ, ಬಾನೆಟ್ಟಿಗೆ ಅದು ಹಾರುತ್ತದೆ.

ಉಪ್ಪಿನ ಬಗ್ಗೆ ಒಂದು ಮಾತು. ಮಳೆಗಾಲದಲ್ಲಿ ಅಡುಗೆ ಮನೆಯ ಭರಣಿಯಲ್ಲಿ ಉಪ್ಪು ನೀರು ಬಿಡುವುದನ್ನು ನಾವೆಲ್ಲ ನೋಡಿದ್ದೇವೆ. ಗಾಳಿಯ ತೇವ ಸುಮಾರು ಶೇಕಡಾ 75 ದಾಟಿದರೆ ಉಪ್ಪು ತಾನಾಗಿ ನೀರು ಎಳೆದುಕೊಂಡು ಕರಗುತ್ತದೆ. ಕರಾವಳಿಯಲ್ಲಿ ರಾತ್ರಿ ಹೊತ್ತು ಅದಕ್ಕಿಂತ ಜಾಸ್ತಿ ತೇವ ಇರುವ ದಿನಗಳೇ ಹೆಚ್ಚು. ಕಡಲ ಗಾಳಿ ಕಾರಿನ ಮೇಲೆ ತಂದು ಕೂರಿಸಿದ ಉಪ್ಪಿಗೂ ಹಾಗೆಯೇ ಆಗುತ್ತದೆ. ರಾತ್ರಿ ಒದ್ದೆ, ಹಗಲು ಒಣಗಿ ಪುಡಿ. ಬಣ್ಣ ಗಟ್ಟಿಯಾಗಿ ಇರುವಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಕಲ್ಲು ಬಡಿದು ಬಣ್ಣ ಎದ್ದು ತಗಡು ಕಂಡಲ್ಲಿ ಮಾತ್ರ ತುಕ್ಕು ಬಹಳ ಬೇಗ ಹಿಡಿಯುತ್ತದೆ.

ಇಷ್ಟೆಲ್ಲ ನೋಡಿದರೆ ಕಡಲನ್ನೇ ದೂರಬೇಕು ಅನಿಸುತ್ತದೆ. ಕಂಪನಿಯನ್ನು ಬಯ್ದು ಮುಗಿದ ಮೇಲೆ ಭಾವ ಹೇಳಿದ್ದೂ ಅದನ್ನೇ. ಆದರೆ ಬಾನೆಟ್ಟಿನ ಬಲೆಗೆ ಕಡಲು ಕಾರಣ ಆಗಿರಲಿಲ್ಲ.

ಟಾರ್ಚ್ ಹಿಡಿದು ನೋಡಿದಾಗ

ಶನಿವಾರ ಬೆಳಿಗ್ಗೆ ಹೋದೆ. ಮಳೆ ಬಿಟ್ಟಿತ್ತು. ಕೊಳೆ ಇರುವಾಗ ಗೆರೆ ಸರಿಯಾಗಿ ಕಾಣುವುದಿಲ್ಲ, ಹಾಗಾಗಿ ಮೊದಲು ತೊಳೆದೆ. ಆಮೇಲೆ ಮೊಬೈಲಿನ ಟಾರ್ಚ್ ಹಿಡಿದೆ. ಬೆಳಕಿನ ಸುತ್ತ ಉಂಗುರ ಉಂಗುರವಾಗಿ ಕೂದಲಿಗಿಂತ ತೆಳ್ಳಗಿನ ಗೆರೆಗಳು. ಬಾನೆಟ್ಟಿನಲ್ಲಿ ಇದ್ದಷ್ಟೇ ಗೆರೆ ಹಿಂದಿನ ಬಾಗಿಲಿನಲ್ಲೂ, ಡಿಕ್ಕಿಯಲ್ಲೂ ಇತ್ತು.

ನನಗೆ ಮೊದಲ ಸುಳಿವು ಸಿಕ್ಕಿದ್ದು ಅಲ್ಲೇ. ಬಿಸಿಲು, ಉಪ್ಪುಗಾಳಿ ಕಾರಣವಾಗಿದ್ದರೆ ಹೊರಗೆ ನಿಲ್ಲುವ ಬಾನೆಟ್ ಜಾಸ್ತಿ ಹಾಳಾಗಬೇಕಿತ್ತು. ಮಾಡಿನ ಅಡಿಯಲ್ಲಿ ಇರುವ ಡಿಕ್ಕಿ ಚೆನ್ನಾಗಿರಬೇಕಿತ್ತು. ಎರಡೂ ಒಂದೇ ಥರ ಇದ್ದವು. ಅಂದರೆ ಎರಡಕ್ಕೂ ಒಂದೇ ಏನೋ ತಾಗುತ್ತಿದೆ.

ಆ ಉಂಗುರಗಳ ವಿಷಯ ನನಗೆ ಬಹಳ ಇಷ್ಟ. ನಿಜವಾಗಿ ಗೆರೆಗಳು ಉಂಗುರದಂತೆ ಬಿದ್ದಿರುವುದಿಲ್ಲ. ನಾಲ್ಕೂ ದಿಕ್ಕಿಗೆ ಸಿಕ್ಕಾಪಟ್ಟೆ ಬಿದ್ದಿರುತ್ತವೆ. ಬೆಳಕಿಗೆ ಅಡ್ಡವಾಗಿ ಇರುವ ಗೆರೆ ಮಾತ್ರ ನಮ್ಮ ಕಣ್ಣಿಗೆ ಮಿನುಗುತ್ತದೆ, ಉಳಿದವು ಅಡಗುತ್ತವೆ. ಹಾಗಾಗಿ ಬೆಳಕನ್ನು ಸುತ್ತಿದ ಬಲೆ ಕಾಣುತ್ತದೆ. ಟಾರ್ಚ್ ಆಚೆ ಸರಿಸಿದರೆ ಬಲೆಯೂ ಸರಿಯುತ್ತದೆ. ನಂಬಿಕೆ ಬಾರದಿದ್ದರೆ ಮನೆಯ ಹಳೆ ಸ್ಟೀಲ್ ತಟ್ಟೆಯನ್ನು ದೀಪದ ಕೆಳಗೆ ಹಿಡಿದು ನೋಡಿ. ವರ್ಷಗಟ್ಟಲೆ ತಿಕ್ಕಿ ತೊಳೆದ ತಟ್ಟೆಯಲ್ಲಿ ಇದೇ ಬಲೆ ಕಾಣುತ್ತದೆ. "ಸುತ್ತ ಸುತ್ತ ಒರೆಸಿದ್ದಕ್ಕೆ ಹೀಗಾಯ್ತು, ನೇರ ಒರೆಸಿದ್ರೆ ಆಗ್ತಿರಲಿಲ್ಲ" ಅಂತ ಹೇಳುವವರು ತುಂಬ ಜನ ಇದ್ದಾರೆ. ಅದು ಪೂರ್ತಿ ಸರಿಯಲ್ಲ. ಬಟ್ಟೆಗೂ ಬಣ್ಣಕ್ಕೂ ನಡುವೆ ಮಣ್ಣು ಇದ್ದರೆ ಹೇಗೆ ಒರೆಸಿದರೂ ಗೆರೆ ಬೀಳುತ್ತದೆ.

ಬಾನೆಟ್ಟಿನ ಮಧ್ಯ ಮೂರು ಉದ್ದ ಗೆರೆಗಳು ಬೇರೆ ಇದ್ದವು. ಅವು ಆಳವಾಗಿದ್ದವು, ಉಗುರಿಗೆ ತಾಗುತ್ತಿದ್ದವು. ಅವುಗಳನ್ನು ನೋಡಿ ನಾನು ಸ್ವಲ್ಪ ದಾರಿ ತಪ್ಪಿದೆ. ಡೆಲಿವರಿಯ ದಿನ ವಾಹನ ಪೂಜೆ ಮಾಡಿಸಿದ್ದೆವು. ಬಾನೆಟ್ ಮೇಲೆ ದೊಡ್ಡ ಹೂವಿನ ಮಾಲೆ ಹಾಕಿ, ಅದು ಜಾರದ ಹಾಗೆ ತಂತಿಯಲ್ಲಿ ಬಿಗಿದಿದ್ದರು. ಅದೇ ಮಾಲೆ ಹಾಕಿಕೊಂಡು ಮನೆವರೆಗೆ ಬಂದಿದ್ದೆವು. ಗಾಳಿಗೆ ಮಾಲೆ ಅಲ್ಲಾಡುವಾಗ ತಂತಿ ಬಣ್ಣಕ್ಕೆ ಕೊರೆದಿದೆ. ಬಲೆ ಕೂಡ ಪೂಜೆಯ ದಿನದ್ದೇ ಇರಬೇಕು, ಗಂಧ, ಕುಂಕುಮ ಒಣಬಟ್ಟೆಯಲ್ಲಿ ಒರೆಸಿ ಹೀಗಾಗಿದೆ ಅಂತ ನಾನು ಅಂದುಕೊಂಡೆ. ಆದರೆ ಗಂಧ ಹಚ್ಚಿದ್ದು ಬಾನೆಟ್ಟಿಗೆ ಮಾತ್ರ. ಡಿಕ್ಕಿಯಲ್ಲಿ ಬಲೆ ಯಾಕೆ?

ಉತ್ತರ ಅಕ್ಕನಿಂದ ಬಂತು. ಚಹಾ ತರುತ್ತಾ ಹೇಳಿದಳು: "ಇಷ್ಟು ಚೆಂದ ನೋಡಿಕೊಂಡ್ರೂ ಹೀಗೆ ಆಗುದಾ? ದಿನಾ ಬೆಳಿಗ್ಗೆ ಆರೂವರೆಗೆ ಎದ್ದು ಇಡೀ ಕಾರು ಒರೆಸ್ತಾರೆ ಇವರು. ಒಂದು ದಿನ ತಪ್ಪಿಸ್ಲಿಲ್ಲ."

ನಾನು ಭಾವನ ಮುಖ ನೋಡಿದೆ. "ಎಂಥದ್ರಲ್ಲಿ ಒರೆಸುದು ಭಾವ?"

ಕಾರಿನ ಜೊತೆ ಶೋರೂಮಿನವರು ಕೊಟ್ಟ ಹಳದಿ ಬಟ್ಟೆ. ಮೊದಲು ಬ್ರಶ್ಶಿನಲ್ಲಿ ಧೂಳು ಹಾರಿಸಿ, ಆಮೇಲೆ ಒಣ ಬಟ್ಟೆ. ಮಳೆ ಬಂದ ರಾತ್ರಿಯ ಮರುದಿನ ಅರೆ ಒದ್ದೆ ಬಟ್ಟೆ. ಬಟ್ಟೆ ಕೆಂಪಗಾದರೆ ಕೊಡವಿ ಮತ್ತೆ ಅದನ್ನೇ ಉಪಯೋಗಿಸುವುದು. ಐದು ತಿಂಗಳು ಅಂದರೆ ನೂರೈವತ್ತು ಬೆಳಿಗ್ಗೆ.

ಹೇಳುವುದು ನನಗೆ ಕಷ್ಟವಾಯಿತು. ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ಮೆಲ್ಲ ಕೇಳಿದರು: "ಅಂದ್ರೆ ನಾನೇ ಮಾಡಿದ್ದಾ?" ಪ್ರೀತಿಯಿಂದ ಮಾಡಿದ ಕೆಲಸವೇ ಹಾಳು ಮಾಡಿತು ಅಂತ ಕೇಳಿಸಿಕೊಳ್ಳುವುದು ಯಾರಿಗೂ ಸುಲಭ ಅಲ್ಲ. ತಪ್ಪು ಅವರದ್ದೂ ಅಲ್ಲ. ಕಾರು ಕೊಡುವಾಗ ಎಷ್ಟೋ ಹಾಳೆಗಳಿಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಒಣಗಿದ ಧೂಳನ್ನು ಒರೆಸಬೇಡಿ ಅನ್ನುವ ಒಂದು ವಾಕ್ಯವನ್ನು ಯಾರೂ ಹೇಳಿರಲಿಲ್ಲ.

ಬಣ್ಣ ಎಷ್ಟು ದಪ್ಪ

ನನ್ನ ಹತ್ತಿರ ಬಣ್ಣದ ದಪ್ಪ ಅಳೆಯುವ ಗೇಜ್ ಇದೆ. ಬಾನೆಟ್ಟಿನಲ್ಲಿ 108ರಿಂದ 116 ಮೈಕ್ರಾನ್ ಬಂತು. ಅಷ್ಟು ಅಂದರೆ ಎಷ್ಟು ಅಂತ ಭಾವ ಕೇಳಿದರು. ಅವರ ಬ್ಯಾಗಿನಿಂದ ಒಂದು ಜೆರಾಕ್ಸ್ ಹಾಳೆ ತೆಗೆದು ಕೈಯಲ್ಲಿಟ್ಟೆ. ಸಾಮಾನ್ಯ ಜೆರಾಕ್ಸ್ ಹಾಳೆ ಸುಮಾರು 100 ಮೈಕ್ರಾನ್ ದಪ್ಪ. ಅಷ್ಟರಲ್ಲೇ ಎಲ್ಲ ಇದೆ. ತಗಡಿನ ಮೇಲೆ ತುಕ್ಕು ತಡೆಯುವ ಪ್ರೈಮರ್, ಅದರ ಮೇಲೆ ಇನ್ನೊಂದು ಪ್ರೈಮರ್, ಆಮೇಲೆ ನೀಲಿ ಬಣ್ಣ, ಎಲ್ಲಕ್ಕಿಂತ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್. ಈ ಕ್ಲಿಯರ್ ಕೋಟ್ ಸಾಮಾನ್ಯವಾಗಿ 35ರಿಂದ 50 ಮೈಕ್ರಾನ್, ಹಾಳೆಯ ಅರ್ಧ ದಪ್ಪವೂ ಇರುವುದು ಕಷ್ಟ. ಹೊಳಪು ಕೊಡುವುದು ಅದು. ಬಿಸಿಲಿನ ಅತಿನೇರಳೆ ಕಿರಣವನ್ನು ತಡೆಯುವ ರಾಸಾಯನಿಕ ಇರುವುದೂ ಅದರಲ್ಲಿ.

ಅಂಗಳದ ಕೆಂಪು ಮಣ್ಣನ್ನು ಬೆರಳಲ್ಲಿ ಉಜ್ಜಿದರೆ ಚರಚರ ಅನ್ನುತ್ತದೆ. ಅದರಲ್ಲಿ ಬೆಣಚು ಕಲ್ಲಿನ ಕಣ ಇದೆ. ಬೆಣಚು ಚೂರಿಯ ಉಕ್ಕಿಗಿಂತ ಗಟ್ಟಿ. ಅಂಥ ಕಣವನ್ನು ಬಟ್ಟೆಯ ಕೆಳಗೆ ಇಟ್ಟು ಒತ್ತಿ ಎಳೆದರೆ ಕ್ಲಿಯರ್ ಕೋಟ್ ಏನು ಮಾಡೀತು? ಬಿಳಿ, ಬೆಳ್ಳಿ ಬಣ್ಣದ ಕಾರಿನಲ್ಲೂ ಇದೇ ಆಗುತ್ತದೆ, ಕಣ್ಣಿಗೆ ಬೀಳುವುದು ಕಡಿಮೆ ಅಷ್ಟೇ. ಕಪ್ಪು, ಕಡು ನೀಲಿ, ಕಡು ಕೆಂಪು ಏನನ್ನೂ ಮುಚ್ಚಿಡುವುದಿಲ್ಲ.

ಎಡಗಡೆಯ ಹಿಂಬಾಗಿಲಿನಲ್ಲಿ ಗೇಜ್ 190ರಿಂದ 240 ತೋರಿಸಿತು. ಬೆಚ್ಚಿಬಿದ್ದೆ. ಆಮೇಲೆ ಗೊತ್ತಾಯಿತು, ಆಗಸ್ಟ್ ಕೊನೆಗೆ ಒಂದು ಬೈಕ್ ತಾಗಿ ಬಾಗಿಲು ಗೀಚಿತ್ತು. ವರ್ಕ್‌ಶಾಪಿನಲ್ಲಿ ಹೊಸದಾಗಿ ಪೇಂಟ್ ಮಾಡಿಸಿದ್ದಾರೆ. ಎರಡು ವಾರ ಆಗಿತ್ತಷ್ಟೆ. ಈ ಬಾಗಿಲನ್ನು ನೆನಪಿಟ್ಟುಕೊಳ್ಳಿ.

ಎರಡು ಸಲಹೆ, ಎರಡೂ ಅರ್ಧ ಸತ್ಯ

ಭಾವನಿಗೆ ಅಷ್ಟರಲ್ಲಿ ಇಬ್ಬರು ಸಲಹೆ ಕೊಟ್ಟಾಗಿತ್ತು. ಆಫೀಸಿನ ಗೆಳೆಯರೊಬ್ಬರು "ಹೊಸ ಕಾರಿಗೆ ಆರು ತಿಂಗಳು ವ್ಯಾಕ್ಸ್ ಮುಟ್ಟಿಸಬಾರದು, ಬಣ್ಣ ಉಸಿರಾಡಬೇಕು" ಅಂದಿದ್ದರು. ವ್ಯಾಕ್ಸ್ ಅಂದರೆ ಬಣ್ಣದ ಮೇಲೆ ಹಚ್ಚುವ ಮೇಣ. ಇನ್ನೊಬ್ಬರು "ಸೆರಾಮಿಕ್ ಕೋಟಿಂಗ್ ಮಾಡಿಸಿಬಿಡಿ, ಆಮೇಲೆ ಏನೂ ಚಿಂತೆ ಇಲ್ಲ" ಅಂದಿದ್ದರು.

ಮೊದಲನೆಯದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಕಾರ್ಖಾನೆಯಲ್ಲಿ ಹೊಸ ಕಾರಿಗೆ ಬಣ್ಣ ಹೊಡೆಯುವಾಗ ಒಳಗೆ ಸೀಟು, ವೈರು, ಪ್ಲಾಸ್ಟಿಕ್ ಏನೂ ಇರುವುದಿಲ್ಲ. ಬರೀ ತಗಡಿನ ದೇಹ. ಅದನ್ನು ಸುಮಾರು 140 ಡಿಗ್ರಿ ಸೆಲ್ಸಿಯಸ್ ಬಿಸಿಯ ಒಲೆಯಲ್ಲಿ ಬೇಯಿಸುತ್ತಾರೆ. ಬಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಶೋರೂಮಿನಿಂದ ಮನೆಗೆ ಬಂದ ದಿನವೇ ವ್ಯಾಕ್ಸ್ ಹಚ್ಚಿದರೂ ತೊಂದರೆ ಇಲ್ಲ. ವರ್ಕ್‌ಶಾಪಿನಲ್ಲಿ ಹಾಗಲ್ಲ. ಪೂರ್ತಿ ಜೋಡಿಸಿದ ಕಾರನ್ನು ಅಷ್ಟು ಬಿಸಿ ಮಾಡಿದರೆ ಪ್ಲಾಸ್ಟಿಕ್ ಕರಗೀತು. ಹಾಗಾಗಿ 60 ಡಿಗ್ರಿ ಆಸುಪಾಸಿನಲ್ಲಿ ಒಣಗಿಸುತ್ತಾರೆ, ಕೆಲವು ಕಡೆ ಬರೀ ಗಾಳಿಗೆ. ಆ ಬಣ್ಣದೊಳಗಿನ ತಿನ್ನರ್ ಪೂರ್ತಿ ಹೊರಗೆ ಹೋಗಲು ವಾರಗಟ್ಟಲೆ ಬೇಕು. ಅಲ್ಲಿ ವ್ಯಾಕ್ಸ್ ಹಚ್ಚಲು ಎರಡು ಮೂರು ತಿಂಗಳು ಕಾಯುವುದು ಒಳ್ಳೆಯದು. ಭಾವನ ಗೆಳೆಯರು ಹೇಳಿದ ಮಾತು ಆ ಎಡಬಾಗಿಲಿಗೆ ಸರಿ, ಉಳಿದ ಕಾರಿಗೆ ಅಲ್ಲ.

ಸೆರಾಮಿಕ್ ಕೋಟಿಂಗ್ ನಾನೇ ಮಾಡಿಕೊಡುತ್ತೇನೆ. ಒಳ್ಳೆಯ ವಸ್ತು. ಸಿಲಿಕಾದಿಂದ ಮಾಡಿದ ತೆಳು ಪದರ, ವ್ಯಾಕ್ಸಿಗಿಂತ ಬಹಳ ಗಟ್ಟಿ, ವರ್ಷಗಟ್ಟಲೆ ನಿಲ್ಲುತ್ತದೆ. ಆದರೂ ಭಾವನಿಗೆ ಆಗ ಬೇಡ ಅಂದೆ. ಗೆರೆ ತೆಗೆಯದೆ ಹಾಕಿದರೆ ಗೆರೆ ಕೋಟಿಂಗಿನ ಕೆಳಗೆ ಹಾಗೇ ಉಳಿಯುತ್ತದೆ. ಮತ್ತೆ ನಾಳೆಯಿಂದ ಅದೇ ಹಳದಿ ಬಟ್ಟೆ ಹಿಡಿದರೆ ಅದರ ಮೇಲೂ ಗೆರೆ ಬೀಳುತ್ತದೆ. ಒರೆಸುವ ಅಭ್ಯಾಸ ಬದಲಾಗದೆ ಯಾವ ಕೋಟಿಂಗಿಗೂ ದುಡ್ಡು ಹಾಕಬಾರದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಅಂಗಡಿಗೆ ಬಂದವರಿಗೂ ಇದನ್ನೇ ಹೇಳುತ್ತೇನೆ.

ಆ ಭಾನುವಾರ ನಾವು ಮಾಡಿದ್ದು

ಚೌತಿ ಮುಗಿದ ಮೇಲೆ ಒಂದು ಭಾನುವಾರ ಬೆಳಿಗ್ಗೆ ಏಳಕ್ಕೆ ಶುರು ಮಾಡಿದೆವು. ಬಾನೆಟ್ ತಣ್ಣಗಿರಬೇಕು, ನೆರಳು ಇರಬೇಕು. ಬಿಸಿಲಿನಲ್ಲಿ ಶ್ಯಾಂಪೂ ಮೈಮೇಲೆಯೇ ಒಣಗಿ ಕಲೆ ಬೀಳುತ್ತದೆ.

ತೊಳೆಯುವುದನ್ನು ಭಾವನ ಕೈಯಲ್ಲೇ ಮಾಡಿಸಿದೆ. ನಾನು ಪಕ್ಕದಲ್ಲಿ ನಿಂತೆ. ಮೊದಲು ಬರೀ ನೀರು, ಐದು ನಿಮಿಷ. ಮೇಲಿನಿಂದ ಕೆಳಗೆ. ಕೈ ಮುಟ್ಟಿಸಬಾರದು, ಬಟ್ಟೆ ಮುಟ್ಟಿಸಬಾರದು. ನೀರಿಗೆ ಹೋಗುವ ಮಣ್ಣೆಲ್ಲ ನೀರಿಗೇ ಹೋಗಲಿ. ಇಷ್ಟನ್ನು ಸರಿಯಾಗಿ ಮಾಡಿದರೆ ಅರ್ಧ ಕೆಲಸ ಆದಂತೆ. ಚಕ್ರಗಳನ್ನು ಬೇರೆ ಬಕೆಟ್, ಬೇರೆ ಬ್ರಶ್ಶಿನಲ್ಲಿ ಮುಗಿಸಿದೆವು, ಯಾಕೆಂದರೆ ಅಲ್ಲಿ ಬ್ರೇಕಿನ ಕಬ್ಬಿಣದ ಪುಡಿ ಇರುತ್ತದೆ.

ಆಮೇಲೆ ಎರಡು ಬಕೆಟ್. ಒಂದರಲ್ಲಿ ಕಾರಿನ ಶ್ಯಾಂಪೂ, ಇನ್ನೊಂದರಲ್ಲಿ ಬರೀ ನೀರು. ಮೈಕ್ರೋಫೈಬರ್ ಗ್ಲೌಸನ್ನು ಶ್ಯಾಂಪೂವಿನಲ್ಲಿ ಅದ್ದಿ, ಒಂದು ಬಾಗಿಲಿನಷ್ಟು ಜಾಗ ಮೆಲ್ಲ ತೊಳೆದು, ಬರೀ ನೀರಿನಲ್ಲಿ ಜಾಲಿಸಿ, ಮತ್ತೆ ಶ್ಯಾಂಪೂ. ಒತ್ತಬಾರದು. ಗ್ಲೌಸಿನ ಭಾರವೇ ಸಾಕು. ಛಾವಣಿ ಮೊದಲು, ಬಾಗಿಲಿನ ಕೆಳಭಾಗ ಮತ್ತು ಬಂಪರ್ ಕೊನೆಗೆ. ಮುಗಿಯುವಾಗ ಎರಡನೇ ಬಕೆಟ್ಟಿನ ತಳದಲ್ಲಿ ಕೆಂಪು ಮಣ್ಣು ಕೂತಿತ್ತು. ಭಾವ ಬಗ್ಗಿ ಅದನ್ನು ಬೆರಳಿನಲ್ಲಿ ತೆಗೆದು ಉಜ್ಜಿ ನೋಡಿದರು. ನಾನು ಬಾಯಲ್ಲಿ ಹೇಳಿದ ಎಲ್ಲದಕ್ಕಿಂತ ಆ ಚರಚರ ಅವರಿಗೆ ಜಾಸ್ತಿ ತಿಳಿಸಿತು.

ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಬಾರದಾ ಅಂತ ಅಕ್ಕ ಕೇಳಿದಳು. ಅದು ಎಣ್ಣೆಜಿಡ್ಡು ತೆಗೆಯಲು ಮಾಡಿದ್ದು. ಹಚ್ಚಿದ ವ್ಯಾಕ್ಸನ್ನೂ ತೆಗೆಯುತ್ತದೆ. ಬಟ್ಟೆ ಸೋಪಿನ ಪುಡಿ ಇನ್ನೂ ಖಾರ.

ಒಣಗಿಸಿದ ಮೇಲೆ ಒಂದು ಸಣ್ಣ ಪರೀಕ್ಷೆ ಮಾಡಿಸಿದೆ. ತೆಳು ಪ್ಲಾಸ್ಟಿಕ್ ತೊಟ್ಟೆಯೊಳಗೆ ಕೈ ಹಾಕಿ ಬಾನೆಟ್ ಸವರುವುದು. ಬರಿಗೈಗೆ ನುಣ್ಣಗೆ ಕಂಡದ್ದು ತೊಟ್ಟೆಯೊಳಗಿನ ಕೈಗೆ ಮರಳು ಕಾಗದದಂತೆ ತಾಗುತ್ತದೆ. ತೊಳೆದರೂ ಹೋಗದೆ ಅಂಟಿಕೊಂಡ ಡಾಮರಿನ ಚುಕ್ಕಿ, ಕಬ್ಬಿಣದ ಕಣ, ಮರದ ಅಂಟು ಅದು. ಡಾಮರಿಗೆ ತೆಂಗಿನೆಣ್ಣೆ ಸಾಕಾಯಿತು. ಉಳಿದದ್ದಕ್ಕೆ ಕ್ಲೇ ಬಾರ್, ಅಂದರೆ ಮೆದು ಜೇಡಿಯಂಥ ಉಂಡೆ. ಶ್ಯಾಂಪೂ ನೀರು ಹಾಕಿ ಜಾರಿಸಿದರೆ ಕಣಗಳು ಅದಕ್ಕೆ ಅಂಟಿ ಬರುತ್ತವೆ. ಉಂಡೆ ನೆಲಕ್ಕೆ ಬಿದ್ದರೆ ಮತ್ತೆ ಉಪಯೋಗಿಸುವ ಹಾಗಿಲ್ಲ.

ಪಾಲಿಶ್ ಮಾತ್ರ ನಾನೇ ಮಾಡಿದೆ. ನಮ್ಮ ಕಡೆ ರಬ್ಬಿಂಗ್, ಪಾಲಿಶ್, ವ್ಯಾಕ್ಸ್ ಮೂರನ್ನೂ ಒಂದೇ ಅಂತ ತಿಳಿದವರು ಜಾಸ್ತಿ. ಅವು ಬೇರೆ ಬೇರೆ. ರಬ್ಬಿಂಗ್ ಮತ್ತು ಪಾಲಿಶ್ ಕ್ಲಿಯರ್ ಕೋಟನ್ನು ತೇಯುತ್ತವೆ. ಗೆರೆ ಮಾಯವಾಗುವುದು ಗೆರೆ ತುಂಬಿದ್ದಕ್ಕಲ್ಲ, ಸುತ್ತಲಿನ ಪದರ ಗೆರೆಯ ಆಳಕ್ಕೆ ಇಳಿದದ್ದಕ್ಕೆ. ವ್ಯಾಕ್ಸ್ ಏನನ್ನೂ ತೇಯುವುದಿಲ್ಲ, ಮೇಲೆ ಕೂರುತ್ತದೆ. ಐದು ತಿಂಗಳ ಕಾರಿಗೆ ಜೋರು ರಬ್ಬಿಂಗ್ ಮಾಡಲು ನನ್ನ ಮನಸ್ಸು ಒಪ್ಪಲಿಲ್ಲ. ಅತಿ ನಯದ ಪಾಲಿಶ್ ಹಾಕಿ ಮೆತ್ತಗಿನ ಪ್ಯಾಡಿನಲ್ಲಿ ಒಂದು ಸಲ ಓಡಿಸಿದೆ. ಗೇಜಿನಲ್ಲಿ ಒಂದೆರಡು ಮೈಕ್ರಾನ್ ಇಳಿದದ್ದು ಕಂಡಿತು. ಬಲೆ ಮುಕ್ಕಾಲು ಪಾಲು ಹೋಯಿತು. ಮಾಲೆಯ ತಂತಿಯ ಮೂರು ಗೆರೆಗಳನ್ನು ಬಿಟ್ಟುಬಿಟ್ಟೆ. ಅವುಗಳನ್ನು ತೆಗೆಯಲು ಹೋದರೆ ಅಲ್ಲಿ ಕ್ಲಿಯರ್ ಕೋಟ್ ತೀರಾ ತೆಳ್ಳಗಾಗುತ್ತಿತ್ತು. ಭಾವನಿಗೆ ಸ್ವಲ್ಪ ಬೇಸರವಾಯಿತು. "ಇರಲಿ, ಪೂಜೆಯದ್ದು ಅಲ್ವಾ" ಅಂತ ಅಕ್ಕ ಸಮಾಧಾನ ಮಾಡಿದಳು.

ಎಣ್ಣೆ ಹಚ್ಚಿದ ಕೈ

ವ್ಯಾಕ್ಸ್ ಯಾಕೆ ಅನ್ನುವುದಕ್ಕೆ ಅಕ್ಕನಿಗೆ ಉದಾಹರಣೆ ಹುಡುಕಬೇಕಾಗಲಿಲ್ಲ. ಹಲಸಿನ ಹಣ್ಣು ಕೊಯ್ಯುವ ಮೊದಲು ನಾವು ಕೈಗೂ ಮೆಟ್ಟುಕತ್ತಿಗೂ ತೆಂಗಿನೆಣ್ಣೆ ಹಚ್ಚುತ್ತೇವೆ. ಹಲಸಿನ ಮೇಣ ಚರ್ಮಕ್ಕೆ ಅಂಟುವ ಬದಲು ಎಣ್ಣೆಯ ಮೇಲೆ ನಿಲ್ಲುತ್ತದೆ. ಎಣ್ಣೆ ಹೋಗುತ್ತದೆ, ಕೈ ಉಳಿಯುತ್ತದೆ. ವ್ಯಾಕ್ಸ್ ಮಾಡುವುದೂ ಅಷ್ಟೇ. ಹಕ್ಕಿಯ ಹಿಕ್ಕೆ, ಮರದ ಅಂಟು, ಉಪ್ಪು ಮೊದಲು ಅದನ್ನು ತಿನ್ನುತ್ತವೆ, ಆಮೇಲೆ ಬಣ್ಣಕ್ಕೆ ಬರುತ್ತವೆ. ಸವೆದು ಹೋಗುವುದೇ ಅದರ ಕೆಲಸ. ಆದರೆ ಬೆಣಚಿನ ಕಣ ಸೇರಿದ ಬಟ್ಟೆಯನ್ನು ಅಷ್ಟು ತೆಳು ಪದರ ತಡೆಯಲಾರದು. ಎಣ್ಣೆ ಹಚ್ಚಿದ ಕೈಗೂ ಕತ್ತಿ ತಾಗಿದರೆ ಗಾಯ ಆಗುತ್ತದೆ.

ಹಚ್ಚಿದ್ದು ಕಾರ್ನೌಬಾ ವ್ಯಾಕ್ಸ್. ಬ್ರೆಜಿಲ್ ದೇಶದ ಈಶಾನ್ಯ ಭಾಗದಲ್ಲಿ ಬೆಳೆಯುವ ಒಂದು ತಾಳೆ ಜಾತಿಯ ಮರದ ಎಲೆಯಿಂದ ತೆಗೆಯುವ ಮೇಣ ಅದು. ಒಣ ಹವೆಯಲ್ಲಿ ನೀರು ಆರಿಹೋಗದ ಹಾಗೆ ಮರ ತನ್ನ ಎಲೆಯ ಮೇಲೆ ಮೇಣ ಹೊದೆಯುತ್ತದೆ. ಜೇನುಮೇಣ 62ರಿಂದ 64 ಡಿಗ್ರಿಗೆ ಕರಗಿದರೆ, ಇದು ಕರಗಲು 80 ಡಿಗ್ರಿಗಿಂತ ಜಾಸ್ತಿ ಬೇಕು. ಮಧ್ಯಾಹ್ನದ ಬಿಸಿಲಿನಲ್ಲಿ ಕೈ ಇಡಲಾಗದ ಬಾನೆಟ್ ಮೇಲೂ ನಿಲ್ಲುವುದು ಅದಕ್ಕೇ.

ಭಾವ ಪ್ಯಾಡಿನ ತುಂಬ ವ್ಯಾಕ್ಸ್ ತೆಗೆದರು. ಎಲ್ಲರೂ ಮಾಡುವುದು ಇದನ್ನೇ. ದಪ್ಪ ಹಚ್ಚಿದರೆ ಜಾಸ್ತಿ ರಕ್ಷಣೆ ಸಿಗುವುದಿಲ್ಲ, ಒರೆಸಲು ಕಷ್ಟ ಆಗುತ್ತದೆ ಅಷ್ಟೇ. ಬಾನೆಟ್ಟಿಗೆ ಬಟಾಣಿ ಕಾಳಿನಷ್ಟು ಎರಡು ಮೂರು ಸಲ ತೆಗೆದರೆ ಸಾಕು. ಹಚ್ಚಿ, ಮಬ್ಬಾಗುವವರೆಗೆ ಬಿಡಬೇಕು. ಬೆರಳಿನಿಂದ ಒಂದು ಗೆರೆ ಎಳೆದಾಗ ಸ್ವಚ್ಛ ಬಂದರೆ ಒರೆಸುವ ಹೊತ್ತು. ನಮ್ಮ ತೇವದ ಹವೆಯಲ್ಲಿ ಡಬ್ಬದ ಮೇಲೆ ಬರೆದದ್ದಕ್ಕಿಂತ ಜಾಸ್ತಿ ಹೊತ್ತು ಬೇಕು. ಬಂಪರಿನ ಕಪ್ಪು ಪ್ಲಾಸ್ಟಿಕ್ಕಿಗೆ ತಾಗಿದರೆ ಬಿಳಿ ಕಲೆ ಕೂರುತ್ತದೆ, ಅಲ್ಲಿ ಮೊದಲೇ ಟೇಪ್ ಅಂಟಿಸಿದ್ದೆವು. ಮುಂದಿನ ಗಾಜಿಗೂ ಬೇಡ.

ಎಡ ಹಿಂಬಾಗಿಲಿಗೆ ಹಚ್ಚಲಿಲ್ಲ. ಅದರ ಸರದಿ ಬಂದದ್ದು ಡಿಸೆಂಬರಿನಲ್ಲಿ.

ಇನ್ನೊಂದು ಕೆಲಸ ಮಾಡಿದೆ. ಬಾನೆಟ್ಟಿನ ನಡುವೆ ಟೇಪ್ ಎಳೆದು ಎಡ ಅರ್ಧಕ್ಕೆ ಮಾತ್ರ ವ್ಯಾಕ್ಸ್ ಹಚ್ಚಿ ಬಲ ಅರ್ಧ ಹಾಗೇ ಬಿಟ್ಟೆ. ಭಾವನಿಗೆ ಇದು ಇಷ್ಟವಾಗಲಿಲ್ಲ. ಡಿಸೆಂಬರಿನವರೆಗೆ ಮಾತ್ರ ಅಂತ ಒಪ್ಪಿದರು.

ಗ್ಲೌಸ್, ಮೂರು ಮೈಕ್ರೋಫೈಬರ್ ಬಟ್ಟೆ, ಶ್ಯಾಂಪೂ, ವ್ಯಾಕ್ಸ್ ಎಲ್ಲ ಸೇರಿ ಖರ್ಚು 2,200 ರೂಪಾಯಿಯ ಒಳಗೆ ಮುಗಿಯಿತು. ಹಳದಿ ಬಟ್ಟೆ ಈಗ ಅಕ್ಕನ ಕಿಟಕಿ ಒರೆಸುತ್ತದೆ.

ಆಮೇಲಿನ ಒಂದು ವರ್ಷ

ಹೊಸ ನಿಯಮ ಒಂದೇ ಇತ್ತು. ಒಣಗಿದ ಕಾರನ್ನು ಮುಟ್ಟುವಂತಿಲ್ಲ. ವಾರಕ್ಕೊಮ್ಮೆ, ಭಾನುವಾರ ಸರಿಯಾಗಿ ತೊಳೆಯುವುದು. ನಡುವೆ ಧೂಳು ಕಂಡರೆ ಕಂಡಿತು. ಮೊದಲ ತಿಂಗಳು ಭಾವನಿಗೆ ಬೆಳಿಗ್ಗೆ ಕೈ ಕಟ್ಟಿ ಹಾಕಿದ ಹಾಗಾಗಿತ್ತಂತೆ. ಆ ಹೊತ್ತಿಗೆ ಅವರು ನಡೆಯಲು ಹೋಗತೊಡಗಿದರು.

ವ್ಯಾಕ್ಸ್ ಇರುವ ಕಡೆ ನೀರು ಹರಡದೆ ಮುತ್ತಾಗಿ ನಿಲ್ಲುತ್ತದೆ. ಎಡ ಅರ್ಧದಲ್ಲಿ ಅದು ಸುಮಾರು ಏಳನೇ ವಾರಕ್ಕೆ ಕಡಿಮೆಯಾಯಿತು. ತೊಳೆಯುವಾಗ ಆ ಕಡೆಯ ಕೊಳೆ ಬರೀ ನೀರಿಗೇ ಜಾಸ್ತಿ ಹೋಗುತ್ತಿತ್ತು. ನವೆಂಬರಿನಲ್ಲಿ ಎರಡು ದಿನ ಕಾರು ಅಂಗಳದಲ್ಲೇ ಇದ್ದಾಗ ಕಾಗೆಗಳು ಎರಡೂ ಅರ್ಧಕ್ಕೆ ಹಿಕ್ಕೆ ಹಾಕಿದ್ದವು. ಒದ್ದೆ ಬಟ್ಟೆ ಹತ್ತು ನಿಮಿಷ ಇಟ್ಟು ತೆಗೆದಾಗ ಎಡಗಡೆ ಏನೂ ಉಳಿಯಲಿಲ್ಲ. ಬಲಗಡೆ ಮಸುಕಾದ ಒಂದು ಗುರುತು ಉಳಿಯಿತು. ಇದು ಒಂದೇ ಸಲ ನೋಡಿದ್ದು, ಹಾಗಾಗಿ ಜಾಸ್ತಿ ಹೇಳಲಾರೆ.

ಆದರೆ ಡಿಸೆಂಬರಿನಲ್ಲಿ ಟಾರ್ಚ್ ಹಿಡಿದಾಗ ಕಂಡದ್ದನ್ನು ಖಂಡಿತ ಹೇಳಬಲ್ಲೆ. ಎರಡೂ ಅರ್ಧದಲ್ಲಿ ಹೊಸ ಬಲೆ ಇರಲಿಲ್ಲ. ವ್ಯಾಕ್ಸ್ ಇದ್ದ ಕಡೆಯೂ, ಇಲ್ಲದ ಕಡೆಯೂ. ಮೂರು ತಿಂಗಳು ಬಣ್ಣವನ್ನು ಗೆರೆಯಿಂದ ಕಾಪಾಡಿದ್ದು ಎರಡು ಬಕೆಟ್ ನೀರು. ನಾನು ಈ ಕೆಲಸದಲ್ಲಿ ಇದ್ದು ಇಷ್ಟು ಸ್ಪಷ್ಟವಾಗಿ ಅದನ್ನು ನೋಡಿದ್ದು ಅದೇ ಮೊದಲು.

ಜನವರಿ, ಫೆಬ್ರವರಿಯಲ್ಲಿ ಮಾವು ಹೂ ಬಿಟ್ಟಾಗ ಬಾನೆಟ್ ಇಡೀ ಅಂಟಂಟು. ಹೂವಿಗೆ ಬರುವ ಜಿಗಿಹುಳು ಸಿಹಿ ಅಂಟು ಉದುರಿಸುತ್ತದೆ. ಉಗುರು ಬೆಚ್ಚಗಿನ ನೀರಿನಲ್ಲಿ ನೆನೆಸಿದರೆ ಹೋಗುತ್ತದೆ, ತಿಕ್ಕಬಾರದು. ಮಾರ್ಚಿನಲ್ಲಿ ಹಲಸಿನ ಮೇಣ ಬಿತ್ತು. ತೆಂಗಿನೆಣ್ಣೆ ಹಚ್ಚಿ ಎರಡು ನಿಮಿಷ ಬಿಟ್ಟು ತೆಗೆದೆವು. ಎಣ್ಣೆಯ ಜೊತೆ ಅಲ್ಲಿದ್ದ ವ್ಯಾಕ್ಸೂ ಹೋಗುತ್ತದೆ, ಅಷ್ಟು ಜಾಗಕ್ಕೆ ಮತ್ತೆ ಹಚ್ಚಬೇಕು.

ಏಪ್ರಿಲ್‌ನಲ್ಲಿ ನಾನು ಎಣಿಸದ ಒಂದು ತೊಂದರೆ ಬಂತು. ತೊಳೆದ ಮೇಲೆ ಗಾಜಿನಲ್ಲೂ ಬಾಗಿಲಿನಲ್ಲೂ ಬಿಳಿ ಚುಕ್ಕಿಗಳು. ಅಕ್ಕನ ಮನೆಯ ಬಾವಿ ನೀರು ಬೇಸಿಗೆಯ ಕೊನೆಗೆ ಉಪ್ಪಾಗುತ್ತದೆ. ಕಡಲ ಬದಿಯ ಎಷ್ಟೋ ಬಾವಿಗಳ ಕಥೆ ಇದು. ಆ ನೀರಿನಿಂದಲೇ ಉಪ್ಪು ತೊಳೆಯಲು ಹೊರಟಿದ್ದೆವು! ಅಲ್ಲಿಂದ ಮಳೆ ಬರುವವರೆಗೆ ನಳ್ಳಿ ನೀರು, ಅಂದರೆ ಬಜೆ ಅಣೆಕಟ್ಟಿನಿಂದ ಬರುವ ಸ್ವರ್ಣಾ ನದಿಯ ನೀರು, ಎರಡು ಬಕೆಟ್ ಎತ್ತಿಟ್ಟು ಕೊನೆಯ ಸಲ ಜಾಲಿಸಲು ಉಪಯೋಗಿಸಿದೆವು. ಬಿದ್ದ ಚುಕ್ಕಿಗೆ ಬಿಳಿ ವಿನೆಗರ್ ಮತ್ತು ನೀರು ಸಮ ಸಮ ಬೆರೆಸಿ ಒರೆಸಿ, ಕೂಡಲೇ ತೊಳೆದೆವು.

ಮೇ ಕೊನೆಗೆ ಕಾರ್ನೌಬಾ ಬಿಟ್ಟು ಪಾಲಿಮರ್ ಸೀಲೆಂಟ್, ಅಂದರೆ ವ್ಯಾಕ್ಸಿನ ಬದಲಿಗೆ ಹಚ್ಚುವ ಕೃತಕ ಪದರ, ಹಚ್ಚಿದೆವು. ಹೊಳಪು ಸ್ವಲ್ಪ ಕಡಿಮೆ, ಬಾಳಿಕೆ ಜಾಸ್ತಿ. ನಮ್ಮ ಜಡಿಮಳೆಗೆ ಅದೇ ಸರಿ. ಆಗಸ್ಟ್ ಮಧ್ಯದವರೆಗೆ ನೀರು ಮುತ್ತಾಗಿ ಉರುಳುತ್ತಿತ್ತು. ಮಳೆಗಾಲದಲ್ಲಿ ಮೇಲ್ಮೈಗಿಂತ ಕೆಳಗಿನ ಕೆಲಸ ಮುಖ್ಯ. ಚಕ್ರದ ಗೂಡಿನೊಳಗೆ, ತಳಕ್ಕೆ ಪೈಪಿನಿಂದ ನೀರು ಬಿಡುವುದು, ಬಾಗಿಲಿನ ಅಡಿಯ ನೀರು ಹೋಗುವ ತೂತು ಮಣ್ಣು ಕಟ್ಟಿದೆಯಾ ನೋಡುವುದು. ಅಲ್ಲಿಗೆ ವ್ಯಾಕ್ಸ್ ತಲುಪುವುದಿಲ್ಲ, ತುಕ್ಕು ಶುರುವಾಗುವುದು ಅಲ್ಲಿಂದ.

ಮತ್ತೆ ಚೌತಿ ಬಂದಾಗ ಕಾರನ್ನು ಅದೇ ಜಾಗದಲ್ಲಿ ನಿಲ್ಲಿಸಿ ನೋಡಿದೆ. ಗೇಜಿನಲ್ಲಿ ಅಂಕಿಗಳು ಬದಲಾಗಿಲ್ಲ. ಹೊಸ ಗೆರೆ ಹುಡುಕಿದರೆ ಮಾತ್ರ ಸಿಗುವಷ್ಟು. ಮಾಲೆಯ ಮೂರು ಗೆರೆಗಳು ಹಾಗೇ ಇವೆ. ಬಾನೆಟ್ಟಿನ ಮುಂದಿನ ಅಂಚಿನಲ್ಲಿ ಹೆದ್ದಾರಿಯ ಕಲ್ಲು ಬಡಿದ ನಾಲ್ಕು ಚುಕ್ಕಿ, ಅವುಗಳಲ್ಲಿ ಒಂದರಲ್ಲಿ ಕಂದು ತುಕ್ಕು ಕಣ್ಣು ಬಿಡುತ್ತಿತ್ತು. ಅದನ್ನು ಕೆರೆದು ಟಚ್ ಅಪ್ ಬಣ್ಣ ಹಾಕಿದೆ. ಎರಡು ತಿಂಗಳು ಮೊದಲೇ ನೋಡಬೇಕಿತ್ತು.

ಈ ಸಲ ಭಾವ ಕೋರ್ಟಿನ ಮಾತೆತ್ತಲಿಲ್ಲ. ಅಂಗಳದಲ್ಲಿ ಟೇಪ್ ಹಿಡಿದು ಅಳೆಯುತ್ತಿದ್ದರು. ಶೀಟಿನ ಮಾಡನ್ನು ಐದು ಅಡಿ ಮುಂದಕ್ಕೆ ತರಬೇಕಂತೆ, ಬಾನೆಟ್ ಒಳಗೆ ಬರುವ ಹಾಗೆ. ವೆಲ್ಡಿಂಗಿನವರು ದೀಪಾವಳಿಯ ನಂತರ ಬರುತ್ತೇನೆ ಅಂದಿದ್ದಾರೆ. ವೆಲ್ಡಿಂಗ್ ಮಾಡುವಾಗ ಕಾರನ್ನು ಹತ್ತಿರ ನಿಲ್ಲಿಸಬೇಡಿ ಅಂತ ಹೇಳಿ ಬಂದಿದ್ದೇನೆ. ಆ ಕಿಡಿ ಕ್ಲಿಯರ್ ಕೋಟಿನೊಳಗೆ ಹೂತುಕೊಂಡರೆ ತೆಗೆಯುವುದು ಬಹಳ ಕಷ್ಟ.